‘ಸಹೋದರರೇ’ ಅನ್ನುವ ಮೊದಲು

ಮೊನ್ನೆ ಹೆಜಮಾಡಿಯಿಂದ ಒಂದು ಫೋನ್ ಬಂತು. ಅರವತ್ತು ದಾಟಿದ ತಾಯಿಯೊಬ್ಬರು. ಹೆಸರು ಹೇಳಿದರು, ಆದರೆ ಪೇಪರಿನಲ್ಲಿ ಹಾಕಬೇಡಿ ಅಂದರು. ಸಲಾಂ ಹೇಳಿ, ಮನೆ ಮಕ್ಕಳ ಕ್ಷೇಮ ಕೇಳಿ, ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದರು.

“ನೀವು ಈ ಪುಟದಲ್ಲಿ ಸಹೋದರತೆ, ಸಹೋದರತೆ ಅಂತ ಎಷ್ಟೋ ಸಲ ಬರೀತೀರಿ. ಪಳ್ಳಿಯ ಮೈಕಿನಲ್ಲಿ ಉಸ್ತಾದರು ‘ಸಹೋದರರೇ’ ಅಂತ ಕರೆಯುವುದು ನಮ್ಮ ಅಡುಗೆಕೋಣೆಗೂ ಕೇಳ್ತದೆ. ಆ ಮಾತಿನ ಒಳಗೆ ನಾವು ಹೆಂಗಸರು ಉಂಟಾ, ಇಲ್ವಾ? ಅಷ್ಟು ತಿಳಿಸಿ ಸಾಕು.”

ಪ್ರಶ್ನೆ ಸಣ್ಣದು ಅಂದುಕೊಂಡೆವು. ಅದರ ಹಿಂದೆ ಒಂದು ಕಥೆ ಇತ್ತು. ಹೆದ್ದಾರಿ 66 ಅಗಲವಾಗುವಾಗ ರಸ್ತೆಯ ಬದಿಯಲ್ಲಿದ್ದ ಅವರ ಉಪ್ಪನ ಜಾಗದ ಒಂದು ತುಂಡು ಹೋಯಿತು. ಪರಿಹಾರದ ಹಣ ಬಂತು. ಉಳಿದ ಜಾಗಕ್ಕೂ ಹಿಂದೆಂದೂ ಇಲ್ಲದ ಬೆಲೆ ಬಂತು. ಒಂದು ದಿನ ಅಣ್ಣಂದಿರು ಕಾರಿನಲ್ಲಿ ಬಂದು ಕರೆದುಕೊಂಡು ಹೋದರು. ಕಚೇರಿಯಲ್ಲಿ ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಅದು ಹಕ್ಕು ಬಿಡುಗಡೆ ಪತ್ರ ಅಂತ ಅವರಿಗೆ ಗೊತ್ತಾದದ್ದು ಎಷ್ಟೋ ಕಾಲದ ನಂತರ, ಮಗಳು ಓದಿ ಹೇಳಿದಾಗ.

“ನನಗೆ ಜಾಗ ಬೇಡವಿತ್ತು. ಈಗಲೂ ಬೇಡ. ‘ಇದರಲ್ಲಿ ನಿನಗೆ ಇಷ್ಟು ಬರ್ತದೆ, ನೀನು ಎಂತ ಹೇಳ್ತಿ?’ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ನಾನೂ ಅವರ ಜೊತೆಗೇ ಹುಟ್ಟಿದವಳಲ್ವಾ?”

ಈ ಮನೆ ಯಾವುದು ಅಂತ ಯಾರೂ ಹುಡುಕಬೇಡಿ. ಹೆಜಮಾಡಿಯಲ್ಲಿ ಇರುವಂಥದ್ದು ಪಡುಬಿದ್ರಿಯಲ್ಲೂ ಉಂಟು, ಕಾಪುವಿನಲ್ಲೂ ಉಂಟು, ಉಳ್ಳಾಲದಲ್ಲೂ ಉಂಟು. ನಮ್ಮ ನಮ್ಮ ಮನೆಯಲ್ಲಿ ಇಲ್ಲ ಅಂತ ಧೈರ್ಯವಾಗಿ ಹೇಳುವವರು ಎಷ್ಟು ಮಂದಿ? ಆ ತಾಯಿಗೆ ಫೋನಿನಲ್ಲಿ ನಾವು ಸರಿಯಾದ ಉತ್ತರ ಕೊಡಲಿಲ್ಲ. ಕೊಡಬೇಕಾದದ್ದನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮಾತಿನಿಂದಲೇ ಶುರು ಮಾಡುವ. ನಾವು ದಿನಾ ಬಳಸುವ ‘ಸಹೋದರ’ ಎಂಬ ಶಬ್ದ ಸಂಸ್ಕೃತದಿಂದ ಬಂದದ್ದು. ‘ಸಹ’ ಅಂದರೆ ಒಟ್ಟಿಗೆ, ‘ಉದರ’ ಅಂದರೆ ಹೊಟ್ಟೆ. ಒಂದೇ ತಾಯಿಯ ಹೊಟ್ಟೆಯಿಂದ ಬಂದವರು. ‘ಸೋದರ’ ಅಂದರೂ ಅದೇ. ಅಂದರೆ ಈ ಮಾತಿನ ಬೇರು ಇರುವುದು ಅಪ್ಪನ ಆಸ್ತಿಯಲ್ಲಿ ಅಲ್ಲ, ಅಮ್ಮನ ಗರ್ಭದಲ್ಲಿ. ಆ ಗರ್ಭದಿಂದ ಬಂದ ಹೆಣ್ಣುಮಗುವನ್ನು ಹೊರಗಿಟ್ಟು ‘ಸಹೋದರ’ ಅನ್ನಲು ಆ ಶಬ್ದದ ಅರ್ಥವೇ ಬಿಡುವುದಿಲ್ಲ. ಕನ್ನಡದ ಸ್ವಂತ ಮಾತು ಇನ್ನೂ ಚೆನ್ನಾಗಿ ಉಂಟು: ‘ಒಡಹುಟ್ಟಿದವರು’. ಒಡನೆ ಹುಟ್ಟಿದವರು, ಜೊತೆಗೆ ಹುಟ್ಟಿದವರು. ಇದರಲ್ಲಿ ಅಣ್ಣನೂ ಇದ್ದಾನೆ, ಅಕ್ಕನೂ ಇದ್ದಾಳೆ; ಗಂಡು ಹೆಣ್ಣು ಅಂತ ಬೇರೆ ಮಾಡುವ ಪ್ರತ್ಯಯವೇ ಇಲ್ಲ. ಫೋನ್ ಮಾಡಿದ ಆ ತಾಯಿ ವ್ಯಾಕರಣ ಕಲಿತವರಲ್ಲ. ಆದರೆ ಅವರ ಬಾಯಲ್ಲಿ ಬಂದದ್ದು ಸರಿಯಾಗಿ ಇದೇ ಮಾತು.

ಇದೇ ಕನ್ನಡದಲ್ಲಿ ಇನ್ನೊಂದು ಶಬ್ದವೂ ಉಂಟು: ‘ದಾಯಾದಿ’. ದಾಯ ಅಂದರೆ ಪಿತ್ರಾರ್ಜಿತದ ಪಾಲು. ಪಾಲು ಪಡೆಯುವವನು ದಾಯಾದಿ. ಮೂಲದಲ್ಲಿ ಇದೇನೂ ಕೆಟ್ಟ ಮಾತಲ್ಲ, ಹಕ್ಕುದಾರ ಅಂತ ಅಷ್ಟೇ. ಆದರೆ ಇವತ್ತು ‘ದಾಯಾದಿ’ ಅಂದರೆ ಜಗಳದವನು ಅಂತಲೇ ಕೇಳುವವರ ತಲೆಗೆ ಹೋಗುತ್ತದೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಪಾಲಿನ ವಿಷಯದಲ್ಲಿ ನ್ಯಾಯ ತಪ್ಪಿದಾಗಲೆಲ್ಲ ಒಂದು ಒಳ್ಳೆಯ ಮಾತು ಹಾಳಾಗುತ್ತದೆ, ಅದಕ್ಕೆ ಈ ಶಬ್ದವೇ ಸಾಕ್ಷಿ.

ಇನ್ನು ಅರಬಿಗೆ ಬರುವ. ಅಲ್ಲಿ ಸಹೋದರನಿಗೆ ‘ಅಖ್’. ಅದರ ಬಹುವಚನ ಎರಡು: ‘ಇಖ್ವತ್’ ಮತ್ತು ‘ಇಖ್ವಾನ್’. ರಕ್ತಸಂಬಂಧದ ಅಣ್ಣತಮ್ಮಂದಿರಿಗೆ ಹೆಚ್ಚಾಗಿ ‘ಇಖ್ವತ್’, ಗೆಳೆತನದಿಂದ ಅಥವಾ ಒಂದೇ ದಾರಿಯಲ್ಲಿ ನಡೆಯುವುದರಿಂದ ಸಹೋದರರಾದವರಿಗೆ ‘ಇಖ್ವಾನ್’ ಎಂದು ಭಾಷಾವಿದ್ವಾಂಸರು ವ್ಯತ್ಯಾಸ ಹೇಳುತ್ತಾರೆ. ಆದರೆ ಕುರ್‌ಆನಿನ 49ನೇ ಅಧ್ಯಾಯ ಅಲ್ ಹುಜುರಾತ್‌ನ 10ನೇ ವಚನದಲ್ಲಿ ವಿಶ್ವಾಸಿಗಳೆಲ್ಲ ಪರಸ್ಪರ ಸಹೋದರರು ಎಂದು ಹೇಳುವಾಗ ಬಳಸಿದ್ದು ‘ಇಖ್ವತ್’ ಎಂಬ ರಕ್ತಸಂಬಂಧದ ಶಬ್ದವನ್ನೇ. ಅಂದರೆ ಇದು ಸಭೆಯಲ್ಲಿ ಮೈಕ್ ಹಿಡಿದು ಹೇಳುವ ಅಲಂಕಾರದ ಮಾತಲ್ಲ, ಮನೆಯವರಿಗೆ ಹೇಳುವ ಮಾತು.

ಅದೇ ವಚನದಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುವ ಇನ್ನೊಂದು ಸಂಗತಿ ಉಂಟು. ಕನ್ನಡದಲ್ಲಿ ಏಕವಚನ, ಬಹುವಚನ ಎರಡೇ. ಅರಬಿಯಲ್ಲಿ ಇಬ್ಬರಿಗೆ ಅಂತಲೇ ಬೇರೆ ದ್ವಿವಚನ ಉಂಟು. ಸಹೋದರರ ನಡುವೆ ಸಂಧಾನ ಮಾಡಿಸಿ ಎಂಬ ಆಜ್ಞೆ ಅಲ್ಲಿ ಬಂದಿರುವುದು ಆ ದ್ವಿವಚನದಲ್ಲಿ. ನಿಮ್ಮ ಇಬ್ಬರು ಸಹೋದರರ ನಡುವೆ ಎಂಬ ಅರ್ಥ. ಜಗಳ ದೊಡ್ಡದಾಗಿ ಊರು ಎರಡು ಭಾಗ ಆಗುವ ತನಕ ಕಾಯಬೇಕಾಗಿಲ್ಲ. ಇಬ್ಬರು ಮಾತು ಬಿಟ್ಟರೂ ಮೂರನೆಯವನಿಗೆ ಕೆಲಸ ಉಂಟು ಎಂದಾಯಿತು.

ಹಾಗಾದರೆ ಈ ‘ಇಖ್ವತ್’ ಒಳಗೆ ಹೆಂಗಸರು ಉಂಟಾ? ಉತ್ತರ ಕುರ್‌ಆನ್ ಒಳಗೇ ಉಂಟು, ಅದೂ ಎಲ್ಲಿ ಗೊತ್ತಾ? ಅನ್ನಿಸಾ ಅಧ್ಯಾಯದ ಕೊನೆಯ ವಚನದಲ್ಲಿ, 4:176ರಲ್ಲಿ. ಮಕ್ಕಳಿಲ್ಲದೆ ತೀರಿಕೊಂಡವರ ಆಸ್ತಿ ಹಂಚುವ ಕ್ರಮ ಹೇಳುವ ಆ ವಚನ ‘ಇಖ್ವತ್’ ಎಂಬ ಶಬ್ದ ಬಳಸಿ, ಅದರ ಬೆನ್ನಿಗೇ ಗಂಡಸರು ಮತ್ತು ಹೆಂಗಸರು ಎಂದು ಬಿಡಿಸಿ ಹೇಳುತ್ತದೆ. ಸಹೋದರ ಎಂಬ ಮಾತಿನಲ್ಲಿ ಸಹೋದರಿಯೂ ಉಂಟು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾ? ಅದೂ ಬಂದಿರುವುದು ಆಸ್ತಿಯ ವಚನದಲ್ಲಿ. ಪ್ರಶ್ನೆ ಕೇಳಿದ ಹೆಜಮಾಡಿಯ ತಾಯಿಗೆ ಮೊದಲ ಉತ್ತರ ಇದು: ಉಂಟು ಉಮ್ಮಾ, ನೀವು ಆ ಮಾತಿನ ಒಳಗೇ ಇದ್ದೀರಿ. ಹೊರಗೆ ಹಾಕಿದ್ದು ನಾವು.

ಸಹೋದರತೆ ಅಂದ ಕೂಡಲೇ ಪ್ರತಿಯೊಬ್ಬ ಭಾಷಣಕಾರರೂ ಹೇಳುವ ಚರಿತ್ರೆ ಒಂದುಂಟು. 622ರಲ್ಲಿ ಪ್ರವಾದಿ(ಸ) ಮಕ್ಕಾ ಬಿಟ್ಟು ಮದೀನಾಕ್ಕೆ ಬಂದರು. ಜೊತೆಗೆ ಬಂದ ಮುಹಾಜಿರರ ಕೈಯಲ್ಲಿ ಏನೂ ಇರಲಿಲ್ಲ. ಮದೀನಾದ ಒಬ್ಬೊಬ್ಬ ಅನ್ಸಾರಿಗೆ ಒಬ್ಬೊಬ್ಬ ಮುಹಾಜಿರನನ್ನು ಜೋಡಿ ಮಾಡಿ ಅವರನ್ನು ಸಹೋದರರನ್ನಾಗಿ ಮಾಡಲಾಯಿತು. ‘ಮುಆಖಾತ್’ ಅಂದರೆ ಅದೇ. ಅದರಲ್ಲಿ ಸಅದ್ ಬಿನ್ ರಬೀಅ್ ಅವರಿಗೆ ಜೋಡಿಯಾದವರು ಅಬ್ದುರ್ರಹ್ಮಾನ್ ಬಿನ್ ಔಫ್. ಸಅದ್ ತನ್ನ ಸೊತ್ತಿನಲ್ಲಿ ಅರ್ಧ ತೆಗೆದುಕೊಳ್ಳಿ ಅಂದರು. ಅಬ್ದುರ್ರಹ್ಮಾನ್ ಏನು ಮಾಡಿದರು? ನಿಮ್ಮ ಸೊತ್ತಿನಲ್ಲಿ ಅಲ್ಲಾಹು ಬರಕತ್ ಕೊಡಲಿ ಅಂತ ದುಆ ಮಾಡಿ, ಪೇಟೆಯ ದಾರಿ ಎಲ್ಲಿ ಅಂತ ಕೇಳಿದರು. ತುಪ್ಪ, ಗಿಣ್ಣು ಮಾರಿ ಬದುಕು ಕಟ್ಟಿದರು. ವ್ಯಾಪಾರವೇ ಹೆಸರಾದ ಬ್ಯಾರಿಗಳಿಗೆ ಈ ಕಥೆ ಎಷ್ಟು ಸಲ ಕೇಳಿದರೂ ಸಾಕಾಗುವುದಿಲ್ಲ. ಒಬ್ಬ ಅರ್ಧ ಕೊಡಲು ತಯಾರು, ಇನ್ನೊಬ್ಬ ಪುಕ್ಕಟೆ ತೆಗೆದುಕೊಳ್ಳಲು ತಯಾರಿಲ್ಲ. ಸಹೋದರತೆಗೆ ಈ ಎರಡೂ ಕಡೆಯ ಮರ್ಯಾದೆ ಬೇಕು.

ಆದರೆ ಭಾಷಣಗಳಲ್ಲಿ ಈ ಕಥೆ ಇಲ್ಲಿಗೇ ನಿಲ್ಲುತ್ತದೆ. ಮುಂದಿನ ಭಾಗ ಹೇಳುವವರು ಕಡಿಮೆ. ಅದೇ ಸಅದ್ 625ರಲ್ಲಿ ಉಹುದ್ ಯುದ್ಧದಲ್ಲಿ ಹುತಾತ್ಮರಾದರು. ಬಿಟ್ಟು ಹೋದದ್ದು ಹೆಂಡತಿಯನ್ನು ಮತ್ತು ಇಬ್ಬರು ಹೆಣ್ಣುಮಕ್ಕಳನ್ನು. ಆಗ ಅವರ ಸೊತ್ತನ್ನೆಲ್ಲ ಯಾರು ತೆಗೆದುಕೊಂಡರು? ಸಅದ್‌ರ ಸ್ವಂತ ಸಹೋದರ. ಆ ಕಾಲದ ರೂಢಿಯೇ ಹಾಗಿತ್ತು, ಗಂಡಸರಿಗೆ ಆಸ್ತಿ. ಸಅದ್‌ರ ಹೆಂಡತಿ ಸುಮ್ಮನೆ ಕೂರಲಿಲ್ಲ. ಎರಡು ಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ) ಅವರ ಹತ್ತಿರ ಹೋದರು. ಇವು ಸಅದ್‌ರ ಮಕ್ಕಳು, ಇವರ ಉಪ್ಪ ನಿಮ್ಮ ಜೊತೆ ಇದ್ದು ತೀರಿಹೋದರು, ಚಿಕ್ಕಪ್ಪ ಏನೂ ಬಿಡದೆ ತೆಗೆದುಕೊಂಡಿದ್ದಾರೆ, ಸೊತ್ತು ಇಲ್ಲದೆ ಇವರ ಮದುವೆ ಆಗುವುದು ಹೇಗೆ ಎಂದು ದೂರು ಕೊಟ್ಟರು. ಆ ಸಂದರ್ಭದಲ್ಲೇ ವಾರಸಿನ ವಚನ ಅವತೀರ್ಣವಾಯಿತು ಎಂದು ಜಾಬಿರ್(ರ) ಅವರಿಂದ ಬಂದ ಹದೀಸ್ ಹೇಳುತ್ತದೆ. ತಿರ್ಮಿದಿ, ಅಬೂದಾವೂದ್ ಗ್ರಂಥಗಳಲ್ಲಿ ಅದು ಉಂಟು. ಪ್ರವಾದಿ(ಸ) ಆ ಚಿಕ್ಕಪ್ಪನನ್ನು ಕರೆಸಿ ತೀರ್ಪು ಕೊಟ್ಟರು: ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಭಾಗ, ತಾಯಿಗೆ ಎಂಟರಲ್ಲಿ ಒಂದು, ಉಳಿದದ್ದು ನಿನಗೆ.

ಒಂದು ನಿಮಿಷ ಯೋಚಿಸಿ. ಪರಊರಿನವನಿಗೆ ಅರ್ಧ ಸೊತ್ತು ಕೊಡುತ್ತೇನೆ ಅಂದ ಮನುಷ್ಯನ ಮನೆಯಲ್ಲೇ ಅವನ ಮಕ್ಕಳಿಗೆ ಏನೂ ಉಳಿಯದ ಸ್ಥಿತಿ ಬಂತು. ಅದನ್ನು ಸರಿ ಮಾಡಿದ್ದು ಒಳ್ಳೆಯ ಮಾತಲ್ಲ, ಲೆಕ್ಕ. ಸಹೋದರತೆ ಎಷ್ಟು ದೊಡ್ಡದಾದರೂ ಪಾಲಿನ ಲೆಕ್ಕವನ್ನು ಅದು ಮುಚ್ಚಿಹಾಕಬಾರದು ಎಂಬುದೇ ಅಲ್ಲಿನ ಪಾಠ.

ಲೆಕ್ಕ ಎಂದ ಮೇಲೆ ಲೆಕ್ಕವನ್ನೇ ಮಾಡುವ. ಒಬ್ಬರು ತೀರಿಕೊಂಡರು. ಅವರ ತಂದೆ ತಾಯಿ ಮೊದಲೇ ತೀರಿಹೋಗಿದ್ದಾರೆ. ಇರುವುದು ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಸಾಲ, ವಸಿಯ್ಯತ್ ಎಲ್ಲ ತೀರಿಸಿದ ಮೇಲೆ ಉಳಿದದ್ದು 24 ಸೆಂಟ್ಸ್ ಜಾಗ ಅಂತ ಇಟ್ಟುಕೊಳ್ಳಿ. ಹೆಂಡತಿಗೆ ಎಂಟರಲ್ಲಿ ಒಂದು, ಅಂದರೆ 3 ಸೆಂಟ್ಸ್. ಉಳಿದ 21 ಸೆಂಟ್ಸ್‌ನಲ್ಲಿ ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು. ಒಟ್ಟು ಆರು ಪಾಲು. ಒಬ್ಬೊಬ್ಬ ಮಗನಿಗೆ 7 ಸೆಂಟ್ಸ್, ಒಬ್ಬೊಬ್ಬ ಮಗಳಿಗೆ ಮೂರೂವರೆ ಸೆಂಟ್ಸ್. ಇದರಲ್ಲಿ ಕಷ್ಟ ಎಂತ ಉಂಟು? ಮದ್ರಸದ ಐದನೇ ಕ್ಲಾಸಿನ ಮಗು ಮಾಡುವ ಲೆಕ್ಕ. ಕಷ್ಟ ಇರುವುದು ಲೆಕ್ಕದಲ್ಲಿ ಅಲ್ಲ, ಆ ಮೂರೂವರೆ ಸೆಂಟ್ಸನ್ನು ಬಾಯಿಬಿಟ್ಟು ಹೇಳುವುದರಲ್ಲಿ.

ನಾವು ಕೊಡುವ ಸಮಾಧಾನಗಳು ಎಲ್ಲರಿಗೂ ಬಾಯಿಪಾಠ. ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ. ಚಿನ್ನ ಹಾಕಿದ್ದೇವಲ್ಲ. ಹೆರಿಗೆಗೆ ಇಲ್ಲಿಗೇ ಬಂದಿದ್ದಳಲ್ಲ. ನಾಳೆ ಅವಳಿಗೆ ಕಷ್ಟ ಬಂದರೆ ನಾವು ಇಲ್ವಾ? ಈ ಮಾತುಗಳಲ್ಲಿ ಪ್ರೀತಿ ಇಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ಮದುವೆಯ ಖರ್ಚು ಉಪ್ಪ ಬದುಕಿರುವಾಗ ಪ್ರೀತಿಯಿಂದ ಮಾಡಿದ್ದು. ವಾರಸಿನ ಪಾಲು ಅವರು ತೀರಿಕೊಂಡ ಕ್ಷಣದಲ್ಲಿ ಹುಟ್ಟುವ ಹಕ್ಕು. ಒಂದನ್ನು ಇನ್ನೊಂದಕ್ಕೆ ವಜಾ ಹಾಕುವ ಅಧಿಕಾರ ಅಣ್ಣನಿಗೆ ಯಾರು ಕೊಟ್ಟರು? ತಂಗಿ ತಾನಾಗಿ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಆದರೆ ಬಿಟ್ಟುಕೊಡಬೇಕಾದರೆ ಮೊದಲು ತನ್ನದು ಎಷ್ಟು ಅಂತ ಗೊತ್ತಿರಬೇಕು. ಗೊತ್ತಿಲ್ಲದ್ದನ್ನು ದಾನ ಮಾಡಲಿಕ್ಕೆ ಆಗ್ತದಾ?

ಇನ್ನೊಂದು ವಿಷಯ ನಮ್ಮ ಯುವಕರಿಗೆ ಗೊತ್ತಿರಲಿ. 1937ರ ಶರೀಅತ್ ಕಾಯ್ದೆಯ ಬಗ್ಗೆ ಇವತ್ತು ಏನೇನೋ ಚರ್ಚೆ ನಡೆಯುತ್ತದೆ. ಆ ಕಾಯ್ದೆ ಬೇಕು ಅನ್ನುವ ಕೂಗು ಎದ್ದ ಕಾರಣಗಳಲ್ಲಿ ಒಂದು, ಊರು ಊರಿನ ರೂಢಿಗಳು ಮುಸ್ಲಿಂ ಹೆಣ್ಣುಮಕ್ಕಳ ಪಾಲನ್ನು ನುಂಗುತ್ತಿವೆ ಎಂಬ ದೂರು. ವೈಯಕ್ತಿಕ ಕಾನೂನಿನ ರಕ್ಷಣೆಗೆ ಬೀದಿಗೆ ಇಳಿಯುವ ನಾವು, ಆ ಕಾನೂನು ಹೆಣ್ಣುಮಗಳಿಗೆ ಕೊಟ್ಟದ್ದನ್ನು ಮನೆಯೊಳಗೆ ಕೊಡದಿದ್ದರೆ ಆ ಹೋರಾಟಕ್ಕೆ ಬೆಲೆ ಎಲ್ಲಿಂದ ಬರಬೇಕು?

ಮನೆಯ ಒಳಗಿನ ಮಾತಾಯಿತು. ಈಗ ಬಾಗಿಲಿನ ಹೊರಗೆ ಬರುವ.

ಸಹೋದರನನ್ನು ಕರೆಯುವ ಶಬ್ದಗಳನ್ನು ಹೊರಗೆ ನಾವು ಹೇಗೆ ಬಳಸುತ್ತೇವೆ? ಗಲ್ಫಿನಲ್ಲಿ ದುಡಿದ ಪ್ರತಿಯೊಬ್ಬರೂ ಎರಡು ಶಬ್ದ ಕೇಳಿರುತ್ತಾರೆ. ಒಂದು ‘ಯಾ ಅಖೀ’, ನನ್ನ ಸಹೋದರನೇ ಎಂದು. ಇನ್ನೊಂದು ‘ರಫೀಕ್’. ರಫೀಕ್ ಅಂದರೆ ಗೆಳೆಯ, ಜೊತೆಗಾರ. ಎಷ್ಟು ಚಂದದ ಶಬ್ದ. ಆದರೆ ಬಿಸಿಲಿನಲ್ಲಿ ಮೂಟೆ ಹೊರುವವನನ್ನು, ಲಾರಿ ಖಾಲಿ ಮಾಡುವವನನ್ನು ‘ಏಯ್ ರಫೀಕ್’ ಅಂತ ಕೂಗುವಾಗ ಅದರಲ್ಲಿ ಗೆಳೆತನ ಎಷ್ಟಿತ್ತು ಅಂತ ಕೇಳಿಸಿಕೊಂಡವರಿಗೇ ಗೊತ್ತು. ಶಬ್ದ ಅದೇ, ಕರೆಯುವ ಧ್ವನಿ ಅದನ್ನು ಕೆಳಗೆ ಇಳಿಸಿತು. ಆ ನೋವು ಉಂಡು ಬಂದ ನಾವು ಊರಿಗೆ ಬಂದು ಎಂತ ಮಾಡುತ್ತಿದ್ದೇವೆ? ಉತ್ತರ ಪ್ರದೇಶದಿಂದ, ಬಿಹಾರದಿಂದ, ಬಂಗಾಳದಿಂದ ಕಟ್ಟಡದ ಕೆಲಸಕ್ಕೆ, ಹೋಟೆಲಿನ ಕೆಲಸಕ್ಕೆ ಬಂದವನನ್ನು ‘ಭಯ್ಯಾ’ ಅನ್ನುತ್ತೇವೆ. ಭಯ್ಯಾ ಅಂದರೆ ಅಣ್ಣ. ಆದರೆ ‘ಇಬ್ಬರು ಭಯ್ಯಾಗಳನ್ನು ಕಳಿಸಿ’ ಅನ್ನುವಾಗ ಆ ಅಣ್ಣ ಎಲ್ಲಿದ್ದಾನೆ? ಘಟ್ಟದ ಮೇಲಿನ ಜಿಲ್ಲೆಗಳಿಂದ ಬಂದು ನಮ್ಮ ಗೋಡೆ ಕಟ್ಟಿದವರು ಕೂಡ ಕನ್ನಡಿಗರೇ. ಅವರಿಗೆ ‘ಘಟ್ಟದವರು’ ಎಂಬ ಹೆಸರು ಬಿಟ್ಟರೆ ಬೇರೆ ಹೆಸರಿಲ್ಲ. ಫಾರ್ಸಿಯ ‘ಬಿರಾದರ್’ ಎಂಬ ಶಬ್ದಕ್ಕೂ ಹೀಗೇ ಆಯಿತು. ಅದೂ ಸಂಸ್ಕೃತದ ‘ಭ್ರಾತೃ’ವೂ ಒಂದೇ ಬೇರಿನವು. ಆ ಬಿರಾದರ್‌ನಿಂದ ಹುಟ್ಟಿದ ‘ಬಿರಾದರಿ’ ಉತ್ತರ ಭಾರತದಲ್ಲಿ ಕುಲ, ಜಾತಿ ಎಂಬ ಅರ್ಥಕ್ಕೆ ಬಂದು ನಿಂತಿತು. ಎಲ್ಲರನ್ನೂ ಸೇರಿಸುವ ಮಾತು ಬೇಲಿಯಾಯಿತು.

ಬೇಲಿ ನಮ್ಮಲ್ಲೂ ಉಂಟು, ಮುಚ್ಚಿಡುವುದು ಬೇಡ. ನಮ್ಮ ಸಂಘಟನೆಯವನು ‘ಸಹೋದರ’, ಬೇರೆ ಸಂಘಟನೆಯವನು ‘ಅವರ ಪೈಕಿ’. ಸಲಾಂ ಹೇಳಬೇಕಾ ಬೇಡವಾ ಅಂತ ಮುಖ ನೋಡಿ ತೀರ್ಮಾನಿಸುವವರು ಇದ್ದಾರೆ. ಬ್ಯಾರಿ ಮಾತಾಡುವವನು, ಉರ್ದು ಮಾತಾಡುವವನು, ನವಾಯತ ಅಂತ ಮದುವೆ ಸಂಬಂಧದಲ್ಲಿ ಲೆಕ್ಕ ಹಾಕುತ್ತೇವೆ. ಯಾವ ಕಸುಬಿನ ಮನೆ ಅಂತ ಪಿಸುಮಾತಿನಲ್ಲಿ ವಿಚಾರಿಸುತ್ತೇವೆ. ಸಹೋದರತೆಯ ವಚನ ಮುಗಿದ ಕೂಡಲೇ ಅದೇ ಅಲ್ ಹುಜುರಾತ್ ಅಧ್ಯಾಯ ಏನು ಹೇಳುತ್ತದೆ ನೋಡಿ. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಬಾರದು, ಕೆಟ್ಟ ಅಡ್ಡಹೆಸರು ಇಡಬಾರದು, ಗುಮಾನಿ ಪಡಬಾರದು, ಗುಟ್ಟು ಕೆದಕಬಾರದು, ಬೆನ್ನ ಹಿಂದೆ ಆಡಿಕೊಳ್ಳಬಾರದು. ಹೆಂಗಸರು ಹೆಂಗಸರನ್ನು ಗೇಲಿ ಮಾಡಬಾರದು ಎಂದು ಅಲ್ಲಿ ಪ್ರತ್ಯೇಕವಾಗಿಯೂ ಹೇಳಿದೆ. ಇಷ್ಟೆಲ್ಲ ಆದ ಮೇಲೆ 13ನೇ ವಚನದಲ್ಲಿ ಮಾತು ವಿಶ್ವಾಸಿಗಳಿಂದ ಮುಂದೆ ಹೋಗಿ ಇಡೀ ಮನುಷ್ಯ ಕುಲವನ್ನು ಕರೆಯುತ್ತದೆ. ಒಂದು ಗಂಡು, ಒಂದು ಹೆಣ್ಣಿನಿಂದ ನಿಮ್ಮೆಲ್ಲರ ಹುಟ್ಟು. ಗೋತ್ರ ಪಂಗಡ ಮಾಡಿದ್ದು ಪರಸ್ಪರ ಗುರುತಿಸಲಿಕ್ಕೆ ಎಂಬುದು ಅದರ ಸಾರ. ಅಧ್ಯಾಯದ ದಾರಿಯೇ ಹಾಗೆ: ಮನೆಯಿಂದ ಊರಿಗೆ, ಊರಿನಿಂದ ಲೋಕಕ್ಕೆ.

ನಮ್ಮ ಧರ್ಮದವನಲ್ಲದವನನ್ನು ಸಹೋದರ ಅನ್ನಬಹುದಾ ಎಂದು ಕೆಲವು ಹುಡುಗರು ಕೇಳುತ್ತಾರೆ. ಕುರ್‌ಆನಿನ 7ನೇ ಅಧ್ಯಾಯ ತೆರೆದು ನೋಡಲಿ. ಆದ್ ಜನಾಂಗಕ್ಕೆ ಕಳುಹಿಸಿದ್ದು ಅವರ ಸಹೋದರ ಹೂದ್‌ರನ್ನು, ಸಮೂದ್ ಜನಾಂಗಕ್ಕೆ ಅವರ ಸಹೋದರ ಸಾಲಿಹ್‌ರನ್ನು, ಮದ್‌ಯನ್‌ಗೆ ಅವರ ಸಹೋದರ ಶುಐಬ್‌ರನ್ನು ಎಂದು ಅಲ್ಲಿ ಉಂಟು. ಆ ಜನಾಂಗದ ಹೆಚ್ಚಿನವರು ಅವರ ಮಾತನ್ನು ಒಪ್ಪಿದವರಲ್ಲ. ಆದರೂ ‘ಅವರ ಸಹೋದರ’ ಎಂದೇ ಕರೆದದ್ದು. ಊರಿನ ಸಂಬಂಧವೂ ಸಹೋದರ ಸಂಬಂಧವೇ. ಇನ್ನು ಆ ಶುಐಬ್ ತನ್ನ ಊರಿನವರಿಗೆ ಹೇಳಿದ ಮುಖ್ಯ ಮಾತುಗಳಲ್ಲಿ ಒಂದು ಯಾವುದು? ಅಳತೆ ತೂಕದಲ್ಲಿ ಮೋಸ ಮಾಡಬೇಡಿ ಎಂಬುದು. ತಕ್ಕಡಿ ಹಿಡಿದು ಬದುಕಿದ ಸಮುದಾಯ ನಾವು. ಮೀನಿನ ತೂಕ, ಅಡಿಕೆಯ ತೂಕ, ಗುಜರಿಯ ತೂಕ ಸರಿ ಇದ್ದರೆ ಸೌಹಾರ್ದದ ಬಗ್ಗೆ ನಾವು ಬೇರೆ ಭಾಷಣ ಮಾಡಬೇಕಾಗಿಲ್ಲ.

ಹೆಜಮಾಡಿಯವರಿಗೆ ಇದನ್ನು ಹೊರಗಿನವರು ಕಲಿಸಬೇಕಾ? ಶಾಂಭವಿ ಹೊಳೆ ದಾಟಿದರೆ ಮುಲ್ಕಿ. ಅಲ್ಲಿ ಬಪ್ಪನಾಡು. ದೋಣಿಯಲ್ಲಿ ಬಂದ ಬಪ್ಪ ಬ್ಯಾರಿ ಎಂಬ ವ್ಯಾಪಾರಿ ದುರ್ಗಾಪರಮೇಶ್ವರಿ ದೇವಸ್ಥಾನ ಕಟ್ಟಿಸಿದ ಎಂಬ ಐತಿಹ್ಯ, ಅವನ ಹೆಸರಿನಿಂದಲೇ ಊರಿಗೆ ಆ ಹೆಸರು ಬಂತು ಎಂಬ ಮಾತು ಈ ಭಾಗದ ಪ್ರತಿ ಮಗುವಿಗೂ ಗೊತ್ತು. ಆ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದದ ಗೌರವ ಸಲ್ಲುವುದೂ ಗೊತ್ತು. ನಮ್ಮ ಹಿರಿಯರು ತುಳುವಿನಲ್ಲಿ ನೆರೆಮನೆಯವರನ್ನು ‘ಅಣ್ಣೆರೇ’ ಅನ್ನುತ್ತಿದ್ದರು. ಅವರು ನಮ್ಮವರನ್ನು ‘ಬ್ಯಾರ್ರೇ’ ಅನ್ನುತ್ತಿದ್ದರು. ಹಲವು ಕಡೆ ನಮ್ಮ ಮನೆಯ ‘ಕಾಕ’ ಅವರಿಗೂ ಕಾಕನೇ. ಕಡಲ ಬದಿಯಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಗೊತ್ತು, ಹಗ್ಗಕ್ಕೆ ಎರಡೂ ಬದಿಯಲ್ಲಿ ಕೈ ಬೇಕು. ಒಂದು ಬದಿ ಸಡಿಲ ಬಿಟ್ಟರೆ ಬಲೆಯೇ ಬರುವುದಿಲ್ಲ.

ಆ ಹಗ್ಗ ಸಡಿಲ ಆದದ್ದೂ ನಾವು ಕಂಡಿದ್ದೇವೆ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲ ಎಂದಾಯಿತು. ಅದೇ ಬಪ್ಪನಾಡಿನ ಜಾತ್ರೆಯ ಸಮಯದಲ್ಲೂ ಅಂಥ ಬ್ಯಾನರ್ ಕಾಣಿಸಿತು. ಬಳೆ, ಆಟಿಕೆ, ಕಬ್ಬಿನ ಹಾಲು ಮಾರಿ ವರ್ಷದ ಅಕ್ಕಿ ಸಂಪಾದಿಸುವ ಬಡವರ ಹೊಟ್ಟೆಗೆ ಅದು ಹೊಡೆದ ಏಟು. ಅದನ್ನು ಅನ್ಯಾಯ ಅಂತ ಹೇಳಲು ನಮಗೆ ಹಿಂಜರಿಕೆ ಬೇಡ. ಸಂವಿಧಾನವೇ ನಮ್ಮ ಪರವಾಗಿ ಉಂಟು. 1946ರ ಡಿಸೆಂಬರ್ 13ರಂದು ಮಂಡನೆಯಾದ ಧ್ಯೇಯಗಳ ನಿರ್ಣಯದಲ್ಲಿ ಭ್ರಾತೃತ್ವ ಎಂಬ ಶಬ್ದ ಇರಲಿಲ್ಲ. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಪೀಠಿಕೆಗೆ ಸೇರಿಸಿತು. ಭ್ರಾತೃತ್ವ ಇಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆಗಳು ಮೇಲಿನ ಬಣ್ಣದಷ್ಟೇ ತೆಳ್ಳಗಿರುತ್ತವೆ ಎಂಬ ಅರ್ಥದಲ್ಲಿ 1949ರ ನವೆಂಬರ್ 25ರಂದು ಅವರು ಎಚ್ಚರಿಸಿದರು. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲೂ ಧರ್ಮ, ಭಾಷೆ, ಪ್ರದೇಶಗಳ ಭೇದ ಮೀರಿದ ಸಹೋದರ ಭಾವನೆಯನ್ನು ಬೆಳೆಸುವುದು ಪ್ರತಿ ಪ್ರಜೆಯ ಕರ್ತವ್ಯ ಎಂದುಂಟು. ಅದೇ ಖಂಡದಲ್ಲಿ, ಅದರ ಬೆನ್ನಿಗೇ ಹೆಣ್ಣಿನ ಗೌರವಕ್ಕೆ ಕುಂದು ತರುವ ಪದ್ಧತಿಗಳನ್ನು ಬಿಡಬೇಕು ಎಂದೂ ಉಂಟು. ಈ ಎರಡು ಮಾತು ಒಟ್ಟಿಗೆ ಯಾಕೆ ಬಂದವು ಅಂತ ಹೆಜಮಾಡಿಯ ಆ ತಾಯಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ನಾವು ಹೇಳುವುದು. ಜಾತ್ರೆಯಲ್ಲಿ ನಮ್ಮ ಪಾಲು ತಪ್ಪಿದಾಗ ನೋವಾಗುತ್ತದಲ್ಲ, ತಲೆತಲಾಂತರದಿಂದ ಇದ್ದವರನ್ನು ಒಂದು ಮಾತು ಕೇಳದೆ ಹೊರಗೆ ಹಾಕಿದರಲ್ಲ ಅಂತ ಸಂಕಟ ಆಗುತ್ತದಲ್ಲ, ಪಾಲು ತಪ್ಪಿದ ತಂಗಿಗೂ ಆಗುವುದು ಅದೇ. ಹೊರಗೆ ನ್ಯಾಯ ಕೇಳುವವನು ಒಳಗೆ ನ್ಯಾಯ ಕೊಟ್ಟಿರಬೇಕು. ಒಳಗೆ ಕೊಟ್ಟವನ ಧ್ವನಿಗೆ ಹೊರಗೆ ಬೇರೆಯೇ ಬಲ ಬರುತ್ತದೆ.

ಸಹೋದರನು ಅನ್ಯಾಯ ಮಾಡುವವನಾದರೂ ಅನ್ಯಾಯಕ್ಕೆ ಒಳಗಾದವನಾದರೂ ಅವನಿಗೆ ಸಹಾಯ ಮಾಡಬೇಕು ಎಂದು ಪ್ರವಾದಿ(ಸ) ಹೇಳಿದಾಗ, ಅನ್ಯಾಯ ಮಾಡುವವನಿಗೆ ಸಹಾಯ ಹೇಗೆ ಎಂದು ಜೊತೆಗಿದ್ದವರು ಕೇಳಿದರು. ಅನ್ಯಾಯ ಮಾಡದಂತೆ ಅವನ ಕೈ ಹಿಡಿಯುವುದೇ ಸಹಾಯ ಎಂಬುದು ಉತ್ತರ. ನಮ್ಮ ಜಮಾಅತ್ ಕಮಿಟಿಗಳು ಈ ಸಹಾಯ ಮಾಡಬಹುದು. ಮಯ್ಯಿತ್ ಆದ ಮನೆಯಲ್ಲಿ ನಲವತ್ತು ದಿನ ಕಳೆದ ಮೇಲೆ ಖತೀಬರು ಹೋಗಿ, ಮಕ್ಕಳೆಲ್ಲರನ್ನೂ, ಹೆಣ್ಣುಮಕ್ಕಳನ್ನೂ ಸೇರಿಸಿ ಕೂರಿಸಿ, ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಓದಿ ಹೇಳಲಿ. ಹಂಚುವುದು ಬಿಡುವುದು ಆಮೇಲೆ. ಓದಿ ಹೇಳುವುದಕ್ಕೆ ಖರ್ಚಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಅಣ್ಣ, ಮೊದಲು ಅದನ್ನು ತಂಗಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಲಿ. ಮದ್ರಸದ ಮೇಲಿನ ತರಗತಿಗಳಲ್ಲಿ ಹೆಣ್ಣುಮಕ್ಕಳಿಗೆ ಆ 24 ಸೆಂಟ್ಸ್‌ನ ಲೆಕ್ಕವನ್ನು ಬೋರ್ಡಿನಲ್ಲಿ ಮಾಡಿ ತೋರಿಸಲಿ.

ಈ ಪುಟವೂ ತನ್ನ ಪಾಲಿನ ಕೆಲಸ ಮಾಡುತ್ತದೆ. ಇನ್ನು ಮುಂದೆ ಇಲ್ಲಿ ಓದುಗರನ್ನು ಕರೆಯುವಾಗ ‘ಸಹೋದರರೇ’ ಅಂತ ಬರೆದು ನಿಲ್ಲಿಸುವುದಿಲ್ಲ. ‘ಒಡಹುಟ್ಟಿದವರೇ’ ಎಂಬ ಮಾತು ಕನ್ನಡದಲ್ಲಿ ಉಂಟು, ಅದನ್ನು ಬಳಸುತ್ತೇವೆ.

ಫೋನ್ ಇಡುವ ಮೊದಲು ಆ ತಾಯಿಯನ್ನು ಒಂದು ಮಾತು ಕೇಳಿದೆವು. ಅಣ್ಣಂದಿರ ಹತ್ತಿರ ಈಗ ಮಾತುಂಟಾ? “ಉಂಟು, ಯಾಕಿಲ್ಲ? ಪೆರ್ನಾಳ್‌ಗೆ ಬರ್ತಾರೆ, ಪೋಡಿ ಮಾಡಿ ಕೊಡ್ತೇನೆ, ತಿಂದು ಹೋಗ್ತಾರೆ. ನಾನು ಅವರಿಗೆ ದುಆ ಮಾಡದ ದಿನ ಇಲ್ಲ” ಅಂದರು. ಸ್ವಲ್ಪ ತಡೆದು ಮತ್ತೆ ಹೇಳಿದರು, “ಅವರು ಇದನ್ನು ಓದಿದರೆ ಓದಲಿ. ನಾನು ಹೇಳಿದ್ದು ಅಂತ ಗೊತ್ತಾಗುವುದು ಬೇಡ.”

ಅಣ್ಣಂದಿರೇ, ಓದುತ್ತಿದ್ದರೆ ಇವತ್ತು ಸಂಜೆ ಒಂದು ಫೋನ್ ಮಾಡಿ. ನಿಮ್ಮ ತಂಗಿ ಯಾರು ಅಂತ ನಮ್ಮನ್ನು ಕೇಳಬೇಡಿ. ನಿಮಗೆ ಒಬ್ಬಳು ತಂಗಿ ಇದ್ದರೆ ಸಾಕು, ಅವಳಿಗೇ ಮಾಡಿ.